ಗಲ್ಫ್‌ನಿಂದ ಟೊರೊಂಟೊಗೆ: ಗ್ರೇಡ್ 3ರೊಳಗೆ ಮಗುವಿನ ಓದು ಎಲ್ಲಿಗೆ ಬರಬೇಕು?

ದುಬೈ, ಮಸ್ಕತ್, ದಮ್ಮಾಮ್ ಕಡೆ ಕೆಲವು ವರ್ಷ ದುಡಿದು, ಪಿಆರ್ ಸಿಕ್ಕಿ ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್‌ಗೆ ಬಂದಿಳಿಯುವ ನಮ್ಮ ಕುಟುಂಬಗಳಿಗೆ ಮೊದಲ ತಿಂಗಳೆಲ್ಲ ಬಾಡಿಗೆ ಮನೆ, ಸಿನ್ ನಂಬರ್, ಹೆಲ್ತ್ ಕಾರ್ಡ್ ಇವುಗಳದ್ದೇ ಓಡಾಟ. ಮಗುವಿನ ಓದಿನ ಚಿಂತೆ ಶುರುವಾಗೋದು ಸಾಮಾನ್ಯವಾಗಿ ನವೆಂಬರಿನಲ್ಲಿ, ಶಾಲೆಯ ಮೊದಲ ಪ್ರೋಗ್ರೆಸ್ ರಿಪೋರ್ಟ್ ಕೈಗೆ ಬಂದಾಗ. ಅದರಲ್ಲಿ ಲ್ಯಾಂಗ್ವೇಜ್ ಎದುರು "ಪ್ರೋಗ್ರೆಸಿಂಗ್ ವಿತ್ ಡಿಫಿಕಲ್ಟಿ" ಎಂಬ ಕಡೆ ಗುರುತು ಬಿದ್ದಿದ್ದರೆ ಮನೆಯಲ್ಲಿ ಊಟ ಸೇರೋದಿಲ್ಲ. "ಅಲ್ಲಿ ಇಂಡಿಯನ್ ಸ್ಕೂಲಲ್ಲಿ ಚೆನ್ನಾಗೇ ಓದ್ತಿದ್ದನಲ್ಲ, ಇಲ್ಲಿ ಏನಾಯ್ತು?" ಅನ್ನೋ ಪ್ರಶ್ನೆ.

ನಾನು ಮೇಷ್ಟ್ರಲ್ಲ, ಲೆಕ್ಕ ಬರೆಯುವವನು. ಆದರೆ ನಮ್ಮ ಮನೆಯಲ್ಲೂ ಇದೇ ಆಗಿತ್ತು. ಆಗ ಒಬ್ಬರು "ಮನೆಯಲ್ಲಿ ಕನ್ನಡ ಬಿಡಿ, ಬರೀ ಇಂಗ್ಲಿಷ್ ಮಾತಾಡಿ" ಅಂತ ಸಲಹೆ ಕೊಟ್ಟರು. ಆರು ತಿಂಗಳು ಹಾಗೇ ಮಾಡಿದೆವು. ಮಗಳ ಓದು ಅಲ್ಲೇ ಇತ್ತು, ಅಜ್ಜಿ ಜೊತೆ ಫೋನಿನಲ್ಲಿ ಮಾತು ಮಾತ್ರ ನಿಂತುಹೋಯಿತು. ಆಮೇಲೆ ಕೂತು ಓದಿ ತಿಳಿದುಕೊಂಡದ್ದನ್ನು, ಬರಲಿರುವವರಿಗೆ ಉಪಯೋಗವಾಗಲಿ ಅಂತ ಇಲ್ಲಿ ಬರೆದಿದ್ದೇನೆ.

ಯಾವ ವಯಸ್ಸಿಗೆ ಯಾವ ತರಗತಿ

ಒಂಟಾರಿಯೊದಲ್ಲಿ ತರಗತಿ ನಿರ್ಧಾರವಾಗೋದು ಮಗು ಹುಟ್ಟಿದ ಕ್ಯಾಲೆಂಡರ್ ವರ್ಷದ ಮೇಲೆ. ಯಾವ ವರ್ಷ ಮಗುವಿಗೆ 4 ತುಂಬುತ್ತದೋ ಆ ವರ್ಷದ ಸೆಪ್ಟೆಂಬರಿನಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್ (ಜೆಕೆ), 5 ತುಂಬುವ ವರ್ಷ ಸೀನಿಯರ್ ಕಿಂಡರ್‌ಗಾರ್ಟನ್ (ಎಸ್‌ಕೆ), 6 ತುಂಬುವ ವರ್ಷ ಗ್ರೇಡ್ 1. ಡಿಸೆಂಬರಿನಲ್ಲಿ ಹುಟ್ಟಿದ ಮಗು ಐದು ವರ್ಷ ಒಂಬತ್ತು ತಿಂಗಳಿಗೇ ಗ್ರೇಡ್ 1ರಲ್ಲಿ ಕೂತಿರುತ್ತದೆ. ಅದೇ ಕ್ಲಾಸಿನಲ್ಲಿ ಜನವರಿಯಲ್ಲಿ ಹುಟ್ಟಿದ ಮಗುವೂ ಇರುತ್ತದೆ. ಇಬ್ಬರ ನಡುವೆ ಸುಮಾರು ಒಂದು ವರ್ಷದ ಅಂತರ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸುವ ಮುಂಚೆ ಹುಟ್ಟಿದ ತಿಂಗಳು ನೋಡಿಕೊಳ್ಳಿ.

2023ರಲ್ಲಿ ಬದಲಾದದ್ದು ಏನು

ಮೊದಲು ಇಲ್ಲಿನ ಅನೇಕ ಕ್ಲಾಸುಗಳಲ್ಲಿ, ಗೊತ್ತಿಲ್ಲದ ಪದ ಬಂದರೆ ಚಿತ್ರ ನೋಡಿ, ವಾಕ್ಯದ ಅರ್ಥ ನೋಡಿ ಊಹಿಸು ಅಂತ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2019ರಲ್ಲಿ ವಿಚಾರಣೆ ಶುರುಮಾಡಿ, 2022ರ ಫೆಬ್ರವರಿಯಲ್ಲಿ "ರೈಟ್ ಟು ರೀಡ್" ಎಂಬ ವರದಿ ಕೊಟ್ಟಿತು. ಅದರಲ್ಲಿ 157 ಶಿಫಾರಸುಗಳಿವೆ. ಸಾರ ಇಷ್ಟೇ: ಓದು ಕಲಿಯೋದು ಮಗುವಿನ ಹಕ್ಕು; ಊಹೆ ಬೇಡ, ಅಕ್ಷರಕ್ಕೂ ಶಬ್ದಕ್ಕೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸಿ; ಯಾರು ಹಿಂದೆ ಬೀಳುತ್ತಿದ್ದಾರೆ ಅಂತ ಬೇಗನೆ ಪರೀಕ್ಷಿಸಿ.

ಇದಾದ ಮೇಲೆ 2023ರ ಸೆಪ್ಟೆಂಬರಿನಿಂದ ಗ್ರೇಡ್ 1ರಿಂದ 8ರವರೆಗೆ ಹೊಸ ಲ್ಯಾಂಗ್ವೇಜ್ ಪಠ್ಯಕ್ರಮ ಬಂತು. ಎಸ್‌ಕೆಯಿಂದ ಗ್ರೇಡ್ 2ರವರೆಗಿನ ಮಕ್ಕಳಿಗೆ ಓದಿನ ಸ್ಕ್ರೀನಿಂಗ್ ಮಾಡಬೇಕೆಂಬ ನಿಯಮವೂ ಬಂತು. ಇದು ಪಾಸು-ಫೇಲಿನ ಪರೀಕ್ಷೆ ಅಲ್ಲ. ಟೀಚರ್ ಮಗುವಿನ ಜೊತೆ ಕೂತು ಕೆಲವೇ ನಿಮಿಷ ಶಬ್ದ, ಅಕ್ಷರ, ಪದ ಓದಿಸುತ್ತಾರೆ. ಫಲಿತಾಂಶ ನಿಮಗೆ ತಲುಪದಿದ್ದರೆ ಕೇಳಿ ಪಡೆಯಿರಿ, ಸಂಕೋಚ ಬೇಡ.

ತರಗತಿವಾರು ಗುರಿ

ಪಠ್ಯಕ್ರಮದ ಭಾಷೆ ಬಿಟ್ಟು ನಮ್ಮ ಮಾತಲ್ಲಿ ಹೇಳೋದಾದರೆ:

- ಜೆಕೆ, ಎಸ್‌ಕೆ: ಪ್ರಾಸ ಗುರುತಿಸೋದು, ಪದವನ್ನು ಚಪ್ಪಾಳೆ ತಟ್ಟಿ ತುಂಡು ಮಾಡೋದು, ಪದದ ಮೊದಲ ಶಬ್ದ ಹೇಳೋದು, ಅಕ್ಷರಗಳ ಶಬ್ದ ಕಲಿಯೋದು, ಕೇಳಿದ ಕಥೆ ಬಗ್ಗೆ ಮಾತಾಡೋದು.
- ಗ್ರೇಡ್ 1: ಮೂರು-ನಾಲ್ಕು ಶಬ್ದ ಕೂಡಿಸಿ ಸಣ್ಣ ಪದ ಓದೋದು, ಅದೇ ರೀತಿ ಒಡೆದು ಬರೆಯೋದು, ಚಿಕ್ಕ ವಾಕ್ಯ ಓದಿ ಏನಾಯಿತು ಅಂತ ಹೇಳೋದು.
- ಗ್ರೇಡ್ 2: "ರೈನ್", "ಬೋಟ್", "ಲೈಟ್" ತರಹ ಎರಡು-ಮೂರು ಅಕ್ಷರ ಸೇರಿ ಒಂದೇ ಶಬ್ದ ಕೊಡುವ ಪದಗಳು, ಉದ್ದ ಪದಗಳು, ತಡವರಿಸದೆ ಧ್ವನಿ ಏರಿಳಿಸಿ ಓದೋದು.
- ಗ್ರೇಡ್ 3: ಪದದ ಹಿಂದೆ ಮುಂದೆ ಸೇರುವ ಭಾಗಗಳಿಂದ ಅರ್ಥ ಹಿಡಿಯೋದು, ಮುಖ್ಯ ವಿಷಯ ಹೇಳೋದು, ಬರೆಯದೇ ಬಿಟ್ಟದ್ದನ್ನು ಊಹಿಸೋದು. ಕರ್ಸಿವ್ ಬರವಣಿಗೆಯೂ ಈಗ ಇಲ್ಲಿಂದ ಶುರು.

ಗ್ರೇಡ್ 3ರ ಕೊನೆಗೆ ಪ್ರಾಂತ್ಯ ಮಟ್ಟದ ಇಕ್ಯೂಎಒ ಪರೀಕ್ಷೆ ಇರುತ್ತದೆ: ಓದು, ಬರಹ, ಗಣಿತ. ನಾಲ್ಕು ಲೆವೆಲ್‌ಗಳಲ್ಲಿ ಲೆವೆಲ್ 3 ಬಂದರೆ ಪ್ರಾಂತ್ಯದ ಮಟ್ಟ ಮುಟ್ಟಿದ ಹಾಗೆ. ರಿಪೋರ್ಟ್ ಕಾರ್ಡಿನಲ್ಲಿ ಇದು "ಬಿ"ಗೆ ಸಮ. ಅಂದರೆ "ಬಿ" ಬಂತು ಅಂತ ಮಗುವಿಗೆ ಬೈಯೋದು ತಪ್ಪು.

ಊರಿನ ಜೊತೆ ಹೋಲಿಸಿ ನೋಡಬೇಕೆನ್ನುವವರಿಗೆ: ಭಾರತ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಕಾರ್ಯಕ್ರಮವೂ ಮೂರನೇ ತರಗತಿಯನ್ನೇ ಗಡಿ ಅಂತ ಇಟ್ಟುಕೊಂಡಿದೆ. ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇ ತರಗತಿಗೆ ಕನಿಷ್ಠ 60 ಪದ ಅರ್ಥ ತಿಳಿದು ಓದಬೇಕು ಅನ್ನೋದು ಅಲ್ಲಿನ ಗುರಿ. ಎರಡೂ ಕಡೆ ಇಷ್ಟು ಒತ್ತು ಯಾಕೆಂದರೆ, ಮೂರನೇ ತರಗತಿವರೆಗೆ ಮಗು ಓದೋದನ್ನು ಕಲಿಯುತ್ತದೆ. ನಾಲ್ಕರಿಂದ ಮುಂದೆ ವಿಜ್ಞಾನ, ಸಮಾಜ, ಗಣಿತದ ಲೆಕ್ಕ ಎಲ್ಲವನ್ನೂ ಓದಿಯೇ ಕಲಿಯಬೇಕು.

ಓದು ಅನ್ನೋದು ಕೂಡಿಸೋ ಲೆಕ್ಕ ಅಲ್ಲ, ಗುಣಿಸೋ ಲೆಕ್ಕ

1986ರಲ್ಲಿ ಫಿಲಿಪ್ ಗೌ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿಗೆ ಒಂದು ಸರಳ ಸೂತ್ರ ಕೊಟ್ಟರು. ಅಕ್ಷರ ಬಿಡಿಸಿ ಪದ ಓದುವ ಶಕ್ತಿ ಗುಣಿಸು ಮಾತು ಅರ್ಥವಾಗುವ ಶಕ್ತಿ, ಇದರ ಉತ್ತರವೇ ಓದಿ ತಿಳಿಯೋದು. ಗುಣಾಕಾರ ಆದ್ದರಿಂದ ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ.

ಬರೀ ಉದಾಹರಣೆಗೆ ಹತ್ತಕ್ಕೆ ಅಂಕ ಹಾಕೋಣ. ಒಬ್ಬ ಹುಡುಗ ಗಲ್ಫ್‌ನ ಇಂಡಿಯನ್ ಸ್ಕೂಲಿನಲ್ಲಿ ಫೋನಿಕ್ಸ್ ಕಲಿತು ಬಂದಿದ್ದಾನೆ. ಪದ ಬಿಡಿಸೋದರಲ್ಲಿ 9, ಆದರೆ ಇಂಗ್ಲಿಷ್ ಮಾತು ಅರ್ಥವಾಗೋದು 3. ಗುಣಿಸಿದರೆ 27. ಇನ್ನೊಬ್ಬ ಹುಡುಗಿಗೆ ಮಾತು, ಕಥೆ ಎಲ್ಲ ಅರ್ಥವಾಗುತ್ತದೆ, 9. ಅಕ್ಷರ ಬಿಡಿಸೋದು 3. ಅವಳದೂ 27. ರಿಪೋರ್ಟ್ ಕಾರ್ಡಿನಲ್ಲಿ ಇಬ್ಬರಿಗೂ ಒಂದೇ ಗುರುತು ಬೀಳಬಹುದು, ಆದರೆ ಬೇಕಾದ ಮದ್ದು ಬೇರೆ. ಅವನಿಗೆ ಮತ್ತೆ ಫೋನಿಕ್ಸ್ ಟ್ಯೂಷನ್ ಕೊಡಿಸಿದರೆ ದುಡ್ಡು ದಂಡ. ಅವಳಿಗೆ "ಜಾಸ್ತಿ ಪುಸ್ತಕ ಓದಿಸಿ" ಅಂದರೆ ಅಳುತ್ತಾಳೆ ಅಷ್ಟೇ.

ಆದ್ದರಿಂದ ಪೇರೆಂಟ್-ಟೀಚರ್ ಮೀಟಿಂಗಿನಲ್ಲಿ "ನಮ್ಮ ಮಗು ಹೇಗೆ?" ಅಂತ ಕೇಳಿ ಬರಬೇಡಿ. ಈ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ:

1. ತೊಂದರೆ ಪದ ಬಿಡಿಸೋದರಲ್ಲೋ, ಅರ್ಥ ಆಗೋದರಲ್ಲೋ?
2. ಸ್ಕ್ರೀನಿಂಗಿನಲ್ಲಿ ಏನು ಕಂಡುಬಂತು?
3. ಇಂಗ್ಲಿಷ್ ಕಲಿಯುವವರಿಗೆ ಕೊಡುವ ಇಎಸ್ಎಲ್ ನೆರವು ನಮ್ಮ ಮಗುವಿಗೆ ಸಿಗುತ್ತಿದೆಯಾ, ಯಾವ ಹಂತದಲ್ಲಿ ಇದೆ?
4. ಮುಂದಿನ ಆರು ವಾರ ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ನಾವೇನು ಮಾಡಬೇಕು?

ಮಾತಾಡಲು ಹಿಂಜರಿಕೆ ಇದ್ದರೆ ಅನೇಕ ಶಾಲೆಗಳಿಗೆ ಸೆಟಲ್‌ಮೆಂಟ್ ವರ್ಕರ್ ಬರುತ್ತಾರೆ. ಹೊಸದಾಗಿ ಬಂದವರಿಗೆ ಅವರ ಸೇವೆ ಉಚಿತ. ಆಫೀಸಿನಲ್ಲಿ ವಿಚಾರಿಸಿ.

ಮನೆಮಾತು ಯಾಕೆ ಬಿಡಬಾರದು

ಸೂತ್ರದ ಎರಡನೇ ಭಾಗ, ಅಂದರೆ ಮಾತು ಅರ್ಥವಾಗೋದು, ಬೆಳೆಯೋದು ಮನೆಯಲ್ಲಿ. ಕಥೆಗೆ ಮೊದಲು-ಕೊನೆ ಇರುತ್ತದೆ, ಕೆಲಸಕ್ಕೆ ಕಾರಣ ಇರುತ್ತದೆ, ಒಬ್ಬರು ಹೇಳಿದ್ದೊಂದು ಮನಸ್ಸಿನಲ್ಲಿರೋದೊಂದು ಇರಬಹುದು ಅನ್ನೋ ತಿಳಿವಳಿಕೆ ಯಾವ ಭಾಷೆಯಲ್ಲಿ ಬಂದರೂ ಇಂಗ್ಲಿಷ್ ಓದಿಗೆ ಕೆಲಸಕ್ಕೆ ಬರುತ್ತದೆ. ಕನ್ನಡ, ತುಳು, ಬ್ಯಾರಿ, ಕೊಂಕಣಿ, ಯಾವುದಾದರೂ ಸರಿ. ನಮಗೆ ಸರಾಗವಾಗಿ ಬರುವ ಭಾಷೆಯಲ್ಲಿ ಮಾತ್ರ ನಾವು ಇಂಥ ಮಾತು ಆಡಬಲ್ಲೆವು. ಅರೆಬರೆ ಇಂಗ್ಲಿಷಿನಲ್ಲಿ "ಕಮ್, ಈಟ್, ಸ್ಲೀಪ್" ಅಂದರೆ ಮಗುವಿಗೆ ಇಂಗ್ಲಿಷೂ ಬರೋದಿಲ್ಲ, ಮಾತೂ ಬೆಳೆಯೋದಿಲ್ಲ. ಇಂಗ್ಲಿಷ್ ಪದಗಳು ಶಾಲೆಯಲ್ಲಿ, ಪುಸ್ತಕದಲ್ಲಿ, ಗೆಳೆಯರಿಂದ ಸಿಗುತ್ತವೆ.

ಅಕ್ಷರದ ವಿಷಯದಲ್ಲಿ ಒಂದು ಎಚ್ಚರಿಕೆ

ನಾವು ಕಲಿತದ್ದು "ಸಿ, ಎ, ಟಿ, ಕ್ಯಾಟ್" ಅಂತ ಅಕ್ಷರದ ಹೆಸರು ಹೇಳಿ. ಇಲ್ಲಿ ಕಲಿಸೋದು ಶಬ್ದ ಹೇಳಿ. ನಾವು ಶಬ್ದ ಹೇಳಿಕೊಡಲು ಹೋದರೂ ಅಭ್ಯಾಸ ಬಲದಿಂದ "ಕ", "ಟ" ಅಂತ ಸ್ವರ ಸೇರಿಸುತ್ತೇವೆ. ಕನ್ನಡದ "ಕ"ದೊಳಗೆ "ಅ" ಮೊದಲೇ ಕೂತಿದೆ. ಮಗು ಕೂಡಿಸಿದರೆ "ಕ್ಯಾಟ್" ಬರೋದಿಲ್ಲ, "ಕ-ಆ್ಯ-ಟ" ಅಂತಲೇ ಉಳಿಯುತ್ತದೆ. ಸ್ವರ ಬಿಟ್ಟು "ಕ್, ಆ್ಯ, ಟ್" ಅನ್ನಿ. ಕಾಗುಣಿತ ಬಂದ ಮಗುವಿಗೆ ಇದು ಸುಲಭ: "ಕ್"ಗೆ "ಇ" ಸೇರಿದರೆ "ಕಿ" ಆಗುವ ಹಾಗೇ ಇದು ಅಂತ ತೋರಿಸಬಹುದು.

ಕನ್ನಡ ಓದು ನಿಧಾನವಾದರೆ ಗಾಬರಿ ಬೇಡ. ಇಂಗ್ಲಿಷಿಗೆ 26 ಅಕ್ಷರ. ನಮಗೆ 49ರ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳೆಲ್ಲ ಕೈಗೆ ಬರಲು ಇಂಗ್ಲಿಷಿಗಿಂತ ಹೆಚ್ಚು ವರ್ಷ ಹಿಡಿಯುತ್ತದೆ ಅಂತ ತೋರಿಸಿದ್ದಾರೆ. ಊರಿನಲ್ಲೇ ಹಾಗಿರುವಾಗ ವಾರಕ್ಕೊಂದು ದಿನ ಕಲಿಯುವ ಮಗುವಿಗೆ ಇನ್ನೂ ಸಮಯ ಬೇಕು.

ದುಡ್ಡಿಲ್ಲದೆ ಸಿಗುವ ಸವಲತ್ತು

- ಲೈಬ್ರರಿ: ವಿಳಾಸದ ಪುರಾವೆ ತೋರಿಸಿದರೆ ನಿಮ್ಮೂರಿನ ಲೈಬ್ರರಿ ಕಾರ್ಡ್ ಉಚಿತ. ಟೊರೊಂಟೊ ಪಬ್ಲಿಕ್ ಲೈಬ್ರರಿಗೆ 100 ಶಾಖೆಗಳಿವೆ. 2022ರಿಂದ ಅಲ್ಲಿ ಪುಸ್ತಕ ತಡವಾಗಿ ಕೊಟ್ಟರೆ ದಂಡ ಇಲ್ಲ. ಆದರೆ ಕಳೆದರೆ ಬೆಲೆ ಕಟ್ಟಬೇಕು.
- ಸ್ಟೋರಿವೀವರ್: ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ವೆಬ್‌ಸೈಟ್. ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಅನೇಕ ಕಥೆಗಳು ಇಂಗ್ಲಿಷಿನಲ್ಲೂ ಇವೆ, ಎರಡೂ ಭಾಷೆಯಲ್ಲಿ ಓದಿಸಬಹುದು.
- ಮನೆಮಾತಿನ ಕ್ಲಾಸು: 23 ಮಕ್ಕಳ ಹೆತ್ತವರು ಸೇರಿ ಕೇಳಿದರೆ ಸ್ಕೂಲ್ ಬೋರ್ಡ್ ಆ ಭಾಷೆಯ ಕ್ಲಾಸು ನಡೆಸಬೇಕೆಂಬ ನಿಯಮ ಒಂಟಾರಿಯೊದಲ್ಲಿದೆ. ವಾರಕ್ಕೆ ಎರಡೂವರೆ ಗಂಟೆ. ನಿಮ್ಮ ಕಡೆ ಇಲ್ಲದಿದ್ದರೆ ಕನ್ನಡ ಸಂಘದವರ ಜೊತೆ ಸೇರಿ ಹೆಸರು ಕೂಡಿಸಿ.

ಅಪ್ಪ ಗಲ್ಫ್‌ನಲ್ಲೇ ಇದ್ದರೆ

ಹೆಂಡತಿ-ಮಕ್ಕಳನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ವಾಪಸ್ ಹೋದವರು ನಮ್ಮಲ್ಲಿ ಬಹಳ ಮಂದಿ. ದಿನಾ ಫೋನಿನಲ್ಲಿ "ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ" ಅಂತ ಕೇಳಿ ಇಡೋದಕ್ಕಿಂತ ವಾರಕ್ಕೆ ಎರಡು ಸಲ ಕಥೆ ಓದಿ. ಟೊರೊಂಟೊದಲ್ಲಿ ಶನಿವಾರ ಬೆಳಿಗ್ಗೆ 9 ಗಂಟೆ ಅಂದರೆ ದುಬೈನಲ್ಲಿ ಬೇಸಿಗೆಗೆ ಸಂಜೆ 5, ಚಳಿಗಾಲಕ್ಕೆ 6. ಸೌದಿ, ಕತಾರ್, ಕುವೈತ್‌ನಲ್ಲಿ ಅದಕ್ಕಿಂತ ಒಂದು ಗಂಟೆ ಹಿಂದೆ. ಇಬ್ಬರೂ ಒಂದೇ ಕಥೆ ತೆರೆದುಕೊಳ್ಳಿ. ಒಂದು ಪುಟ ನೀವು ಓದಿ, ಒಂದು ಪುಟ ಮಗು ಓದಲಿ. ಕೊನೆಗೆ "ಅವನು ಯಾಕೆ ಹಾಗೆ ಮಾಡಿದ? ನೀನಾಗಿದ್ದರೆ ಏನು ಮಾಡ್ತಿದ್ದೆ?" ಅಂತ ಕೇಳಿ. ಉತ್ತರ ಕನ್ನಡದಲ್ಲೇ ಬರಲಿ.

ನಮ್ಮ ಮನೆಯಲ್ಲಿ ಕನ್ನಡ ಮತ್ತೆ ಶುರುವಾಯಿತು. ಜೊತೆಗೆ ಟೀಚರ್ ಹೇಳಿದ ಹಾಗೆ ದಿನಾ ಹದಿನೈದು ನಿಮಿಷ ಶಬ್ದ ಕೂಡಿಸಿ ಓದಿಸಿದೆವು. ಯಾಕೆಂದರೆ ನಮ್ಮ ಮಗಳ ಕೊರತೆ ಇದ್ದದ್ದು ಪದ ಬಿಡಿಸೋದರಲ್ಲಿ, ಮಾತಿನಲ್ಲಿ ಅಲ್ಲ. ನಾವು ಆರು ತಿಂಗಳು ತಪ್ಪು ಖಾತೆಗೆ ಜಮಾ ಮಾಡುತ್ತಿದ್ದೆವು. ನೀವು ಮೊದಲು ಖಾತೆ ಯಾವುದು ಅಂತ ನೋಡಿಕೊಳ್ಳಿ.