ಸಾಕು ನಾಯಿಗಳಿಗೆ ಶಾವಿಗೆ ನೀಡುವ ಕುರಿತು ಮಾಹಿತಿ

ಗದಗ ಜಿಲ್ಲೆಯ ಹೊಳೆಮಣ್ಣೂರ ಸೇರಿದಂತೆ ರೋಣ ಭಾಗದ ಗ್ರಾಮಗಳಲ್ಲಿ ಸಾಕು ನಾಯಿಗಳಿಗೆ ಜೋಳದ ರೊಟ್ಟಿಯೊಂದಿಗೆ ಮನೆಯಲ್ಲಿ ಉಳಿದ ಶಾವಿಗೆಯನ್ನೂ ಹಾಕುವುದುಂಟು. ಈ ಬಗ್ಗೆ ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ನೀರಿನಲ್ಲಿ ಬೇಯಿಸಿದ ಸಪ್ಪೆ ಶಾವಿಗೆಯು, ಅದು ಗೋಧಿಯದಾಗಲಿ ಬಕ್‌ವೀಟ್ ಧಾನ್ಯದ್ದಾಗಲಿ, ನಾಯಿಗೆ ವಿಷಕಾರಿಯಲ್ಲ. ಆರಿದ ನಂತರ ಅಲ್ಪ ಪ್ರಮಾಣದಲ್ಲಿ ನೀಡಬಹುದು. ಆದರೆ ಇದರಲ್ಲಿ ನಾಯಿಗೆ ಅಗತ್ಯವಾದಷ್ಟು ಸಸಾರಜನಕವಿಲ್ಲದ ಕಾರಣ ಇದೊಂದನ್ನೇ ನಿತ್ಯದ ಆಹಾರವಾಗಿಸಬಾರದು.

2. ಶಾವಿಗೆ ಉಪ್ಪಿಟ್ಟು ಹಾಗೂ ಮಸಾಲೆ ಪುಡಿ ಬೆರೆಸಿದ ನೂಡಲ್ಸ್ ನೀಡಬಾರದು. ಈರುಳ್ಳಿ, ಬೆಳ್ಳುಳ್ಳಿಗಳು, ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ, ನಾಯಿಯ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಲಕ್ಷಣಗಳು ಕೆಲವು ದಿನಗಳ ನಂತರ ಕಾಣಿಸಿಕೊಳ್ಳಬಹುದು.

3. ಹಬ್ಬದ ಶಾವಿಗೆ ಪಾಯಸದಲ್ಲಿನ ಒಣದ್ರಾಕ್ಷಿಯು ಮೂತ್ರಪಿಂಡ ವೈಫಲ್ಯಕ್ಕೆ ಕಾರಣವಾಗಬಲ್ಲದು. ಸುರಕ್ಷಿತ ಪ್ರಮಾಣವನ್ನು ನಿಗದಿಪಡಿಸಲು ಸಾಧ್ಯವಿಲ್ಲದ್ದರಿಂದ ಸ್ವಲ್ಪವೂ ನೀಡಬಾರದು.

4. ಬೂಷ್ಟು ಹಿಡಿದ ಶಾವಿಗೆ, ರೊಟ್ಟಿ ಹಾಗೂ ಜೋಳವನ್ನು ನಾಯಿಗೂ ಹಾಕಬಾರದು.

ವಾಂತಿ, ನಿಶ್ಶಕ್ತಿ, ಬಿಳಿಚಿದ ಒಸಡು, ಕಂದುಗೆಂಪು ಮೂತ್ರ ಅಥವಾ ಮೂತ್ರ ಕಡಿಮೆಯಾಗುವುದು ಕಂಡುಬಂದಲ್ಲಿ ನಾಯಿಯನ್ನು ಕೂಡಲೇ ಸಮೀಪದ ಪಶು ಚಿಕಿತ್ಸಾಲಯಕ್ಕೆ ಕರೆದೊಯ್ಯುವುದು. ಒಣದ್ರಾಕ್ಷಿ ತಿಂದಿರುವುದು ತಿಳಿದಲ್ಲಿ ಲಕ್ಷಣಗಳಿಗಾಗಿ ಕಾಯಬಾರದು. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವುದು ಅಪಾಯಕಾರಿ. ನಾಯಿ ತಿಂದ ಪದಾರ್ಥ, ಅಂದಾಜು ಪ್ರಮಾಣ, ತಿಂದ ಸಮಯ ಹಾಗೂ ನಾಯಿಯ ತೂಕವನ್ನು ಪಶುವೈದ್ಯರಿಗೆ ತಿಳಿಸಿದಲ್ಲಿ ಚಿಕಿತ್ಸೆಯು ವಿಳಂಬವಿಲ್ಲದೆ ದೊರೆಯಲು ಅನುಕೂಲವಾಗುತ್ತದೆ.