ಅಂಚೆಚೀಟಿಯ ಪಕ್ಕದಲ್ಲೊಂದು ಮುಖ

ಸಹಸ್ರ ಚಂದ್ರ ದರ್ಶನವೆಂದರೆ ಸಾವಿರ ಹುಣ್ಣಿಮೆಗಳನ್ನು ಕಂಡ ಬಾಳು. ವರ್ಷಕ್ಕೆ ಹನ್ನೆರಡಕ್ಕಿಂತ ತುಸು ಹೆಚ್ಚು ಹುಣ್ಣಿಮೆಗಳು ಬರುವುದರಿಂದ, ಸುಮಾರು 80 ವರ್ಷ 10 ತಿಂಗಳಿಗೆ ಈ ಲೆಕ್ಕ ತುಂಬುತ್ತದೆ. ಹೋಳೂರಿನ ನಮ್ಮ ಮನೆಯಲ್ಲಿ ಆ ಶಾಂತಿಕರ್ಮ ನಡೆದ ದಿನ ಮಕ್ಕಳು ಒಂದು ಉಡುಗೊರೆಯನ್ನು ಕೈಗಿತ್ತರು. ಅದು ನನ್ನ ಭಾವಚಿತ್ರವಿದ್ದ 12 ಅಂಚೆಚೀಟಿಗಳ ಹಾಳೆ. "ತಾತ, ನೀವೂ ವಿಶ್ವೇಶ್ವರಯ್ಯನವರ ಹಾಗೆ ಆಗಿಬಿಟ್ಟಿರಿ" ಎಂದು ಮೊಮ್ಮಗಳು ಸಂಭ್ರಮಪಟ್ಟಳು. ಮೇಷ್ಟರ ಅಭ್ಯಾಸ ಎಲ್ಲಿ ಹೋದೀತು! ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಜಗತ್ತಿನ ಮೊದಲ ಅಂಚೆಚೀಟಿಯ ಮೇಲೆ ಇದ್ದದ್ದು ವಿಕ್ಟೋರಿಯಾ ರಾಣಿಯ ಮುಖ. ಅಲ್ಲಿಂದ ಮುಂದೆ ಬಹುಕಾಲ ಆ ಪುಟ್ಟ ಕಾಗದ ಅರಸರ ಸೊತ್ತಾಗಿಯೇ ಉಳಿಯಿತು. ಸ್ವತಂತ್ರ ಭಾರತದಲ್ಲಿ ಆ ಸ್ಥಾನ ರಾಷ್ಟ್ರಕ್ಕಾಗಿ ದುಡಿದವರಿಗೆ ಸಂದಿತು. ಆದರೆ ಸಾಮಾನ್ಯವಾಗಿ ಅವರು ಕಣ್ಮರೆಯಾದ ಮೇಲೆ. ನಮ್ಮ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರಲ್ಲಿ, ಅವರ ಅಂಚೆಚೀಟಿ ಬಂದದ್ದು 1988ರಲ್ಲಿ.

ಈ ರೂಢಿಯನ್ನು ಮೊದಲು ಮುರಿದದ್ದು ಒಂದು ಹುಟ್ಟುಹಬ್ಬ. ಸ್ತ್ರೀಶಿಕ್ಷಣಕ್ಕಾಗಿ ಬಾಳನ್ನೇ ಸವೆಸಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರಿಗೆ 1958ರ ಏಪ್ರಿಲ್ 18ರಂದು ನೂರು ವರ್ಷ ತುಂಬಿತು. ಅಂದೇ ಅವರ ಅಂಚೆಚೀಟಿ ಹೊರಬಂದಿತು. ಸ್ವತಂತ್ರ ಭಾರತದಲ್ಲಿ ಜೀವಿತಕಾಲದಲ್ಲೇ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಎರಡು ವರ್ಷಗಳ ತರುವಾಯ, 1960ರ ಸೆಪ್ಟೆಂಬರ್ 15ರಂದು, ಸರ್ ಎಂ. ವಿಶ್ವೇಶ್ವರಯ್ಯನವರ 15 ನಯೇಪೈಸೆಯ ಚೀಟಿ ಬಂದಿತು. ಅವರ ಹುಟ್ಟೂರು ಮುದ್ದೇನಹಳ್ಳಿ ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. 2007ರಲ್ಲಿ ಜಿಲ್ಲೆ ವಿಭಜನೆಯಾಗಿ ಅದು ಚಿಕ್ಕಬಳ್ಳಾಪುರದ ಪಾಲಾಯಿತು. ಕರ್ವೆ, ವಿಶ್ವೇಶ್ವರಯ್ಯ ಇಬ್ಬರೂ 1962ರಲ್ಲಿ ಅಗಲಿದರು.

ಸಾಮಾನ್ಯರ ಮುಖಕ್ಕೂ ಅಂಚೆಯಲ್ಲಿ ಎಡೆ ದೊರೆತದ್ದು ತೀರ ಈಚೆಗೆ. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ವಿಶ್ವ ಅಂಚೆಚೀಟಿ ಪ್ರದರ್ಶನದ ಸಂದರ್ಭದಲ್ಲಿ ನಮ್ಮ ಅಂಚೆ ಇಲಾಖೆ 'ಮೈ ಸ್ಟಾಂಪ್' ಎಂಬ ಯೋಜನೆಯನ್ನು ಆರಂಭಿಸಿತು. ಅರ್ಜಿ, ಭಾವಚಿತ್ರ, ಗುರುತಿನ ಚೀಟಿಯ ಪ್ರತಿ ಕೊಟ್ಟರಾಯಿತು. 5 ರೂಪಾಯಿಯ 12 ಚೀಟಿಗಳಿರುವ ಹಾಳೆಗೆ ಅವರು ಪಡೆದದ್ದು 300 ರೂಪಾಯಿ. ಇಲ್ಲೊಂದು ಸೂಕ್ಷ್ಮವಿದೆ. ಅರ್ಜಿದಾರನ ಮುಖ ಅಚ್ಚಾಗುವುದು ಚೀಟಿಯ ಮೇಲಲ್ಲ, ಚೀಟಿಗೆ ಅಂಟಿಕೊಂಡ ಖಾಲಿ ಜಾಗದಲ್ಲಿ. "ನೋಡು ಮಗು, ವಿಶ್ವೇಶ್ವರಯ್ಯನವರು ಚೀಟಿಯ ಒಳಗಿದ್ದಾರೆ, ನಾನು ಪಕ್ಕದಲ್ಲಿದ್ದೇನೆ. ಅವರದು ನಾಡು ಕೊಟ್ಟದ್ದು, ನನ್ನದು ನಿಮ್ಮಪ್ಪ ಕೊಂಡದ್ದು" ಎಂದೆ. ಅವಳು ನಕ್ಕಳು. ಪ್ರೀತಿಯಿಂದ ಕೊಂಡದ್ದಾದರಿಂದ ನನಗೂ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ.

ಆದರೆ ಆ ರಾತ್ರಿ ನಿದ್ರೆ ಬಾರದೆ ಹೋದದ್ದು ಬೇರೊಂದು ವಿಚಾರಕ್ಕೆ. ವಿಶ್ವೇಶ್ವರಯ್ಯನವರ ಜನ್ಮವರ್ಷವನ್ನು ಕೆಲವರು 1860 ಎನ್ನುತ್ತಾರೆ, ಕೆಲವರು 1861 ಎನ್ನುತ್ತಾರೆ. ಅಂಥ ಮಹನೀಯರ ವಿಷಯದಲ್ಲೇ ಹೀಗಾದರೆ ನಮ್ಮ ಹಳ್ಳಿಯ ಮಕ್ಕಳ ಪಾಡೇನು? ನನಗಾದರೋ ಜಾತಕವಿತ್ತು, ಹುಣ್ಣಿಮೆಗಳನ್ನು ಎಣಿಸಿದರು. ಆದರೆ ಶಾಲೆಗೆ ಸೇರಲು ಬರುತ್ತಿದ್ದ ಎಷ್ಟೋ ಮಕ್ಕಳ ತಾಯಂದಿರು "ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಸಾಮಿ" ಎನ್ನುತ್ತಿದ್ದರು. ನಾನು ದಾಖಲಾತಿ ಪುಸ್ತಕದಲ್ಲಿ 'ಜೂನ್ 1' ಎಂದು ಬರೆಯುತ್ತಿದ್ದೆ. ಮನೆಯಲ್ಲಿ ಬಿಟ್ಟರೆ ದನ ಕಾಯಲು ಹೋದಾವೆಂದು ಕೆಲವರಿಗೆ ಒಂದೆರಡು ವರ್ಷ ಹೆಚ್ಚಿಗೆ ಬರೆದು ಸೇರಿಸಿಕೊಂಡದ್ದೂ ಉಂಟು. ಮುಂದೆ ಸರ್ಕಾರಿ ನೌಕರಿ ಹಿಡಿದ ಆ ಹುಡುಗರು ನನ್ನ ಬರಹದ ದೆಸೆಯಿಂದಲೇ ಅಷ್ಟು ಮುಂಚೆ ನಿವೃತ್ತರಾದರು. ಒಬ್ಬನಿಗೆ ಮಗಳ ಮದುವೆಗಿಂತ ಮೊದಲೇ ಸಂಬಳ ನಿಂತಿತು. ಅವನು ಒಂದು ದಿನವೂ ನನ್ನನ್ನು ದೂರಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ, ಈಗಲೂ ಖಚಿತವಾಗಿ ಹೇಳಲಾರೆ.

ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದರು ಮಕ್ಕಳು. ನಾನು ಒಪ್ಪಲಿಲ್ಲ. ಅಂಚೆಚೀಟಿ ಇರುವುದು ಕಾಗದಕ್ಕೆ ಅಂಟಿ ಊರು ದಾಟಲು. ಒಂದನ್ನು ಮೊಮ್ಮಗಳಿಗೆ ಕೊಟ್ಟು, ಉಳಿದ ಹನ್ನೊಂದನ್ನು ನಾನೇ ಜನ್ಮದಿನ ಬರೆದುಕೊಟ್ಟ ಹನ್ನೊಂದು ಶಿಷ್ಯರಿಗೆ ಬರೆದ ಕಾಗದಗಳಿಗೆ ಅಂಟಿಸಿದೆ. ನಿಮ್ಮ ನಿಜವಾದ ಹುಟ್ಟಿದ ದಿನ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ತಿಳಿಸಿ, ಅಂದು ಹರಸುತ್ತೇನೆ ಎಂದು ಬರೆದಿದ್ದೆ.

ಇದುವರೆಗೆ ನಾಲ್ಕು ಉತ್ತರಗಳು ಬಂದಿವೆ. ನಾಲ್ವರೂ ಒಂದೇ ಮಾತು ಬರೆದಿದ್ದಾರೆ: "ಜೂನ್ 1 ಇರಲಿ ಬಿಡಿ ಮೇಷ್ಟ್ರೇ, ಅದೇ ಅಭ್ಯಾಸವಾಗಿಹೋಗಿದೆ."