ಪುಟಗಳ ಲೆಕ್ಕ | ನಮ್ಮ ಬಳ್ಳಾರಿ ಮುದ್ರಣ, ಭಾಗ 3

ಮನೇಲಿರೋ ಯಾವ್ದಾದ್ರೂ 16 ಪುಟದ ಜಾತ್ರೆ ಪುಸ್ತಕದ ಪಿನ್ನು ಬಿಚ್ಚಿ ನೋಡ್ರಿ. ಹೊರಗಿನ ಹಾಳೆಯ ಒಂದು ಕಡೆ 16 ಮತ್ತು 1, ಹಿಂದೆ 2 ಮತ್ತು 15. ಯಾವ ಜೋಡಿ ಕೂಡಿದ್ರೂ 17. ನಮ್ಮ ಬಿಕಾಂ ಬ್ಯಾಲೆನ್ಸ್ ಶೀಟ್ ಇದ್ದಂಗೆ!

ಅಚ್ಚುಮೊಳೆ ಕಾಲದಲ್ಲಿ ಈ ಲೆಕ್ಕ ಕೈಲೇ ಆಗ್ತಿತ್ತು. ಆ ಕಾಲದಲ್ಲೂ ಬಳ್ಳಾರಿಗೆ ಹೆಸರಿತ್ತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಶುರು ಮಾಡಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬರ್ತಿತ್ತು. 1844ರಲ್ಲಿ ಅದೇ ಪತ್ರಿಕೆ 'ಕನ್ನಡ ಸಮಾಚಾರ' ಆಗಿ ಬಳ್ಳಾರಿಗೆ ಬಂತು. ಯಾಕಂದ್ರೆ ಮೊಳೆ ಜೋಡಿಸಿ ಅಚ್ಚು ಹಾಕೋ ಮಿಷನ್ ಪ್ರೆಸ್ ಇಲ್ಲಿತ್ತು.

ಮೊಳೆ ಹೋಗಿ ಕಂಪ್ಯೂಟರ್ ಬಂತು. ಡಿಟಿಪಿ ಅಂದ್ರೆ ಪೇಜ್‌ಮೇಕರ್ ಅನ್ನೋ ಹಂಗಾಯ್ತು. ಅದರಲ್ಲಿ 'ಬಿಲ್ಡ್ ಬುಕ್‌ಲೆಟ್' ಕೊಟ್ರೆ ಪುಟಗಳನ್ನ ತಾನೇ ಜೋಡಿ ಮಾಡ್ತೈತೆ. ಪುಸ್ತಕ ದಪ್ಪ ಆದಾಗ ಒಳಹಾಳೆ ಹೊರಕ್ಕೆ ಚಾಚೋದಕ್ಕೂ ಲೆಕ್ಕ ಹಿಡಿತೈತೆ.

ಆದ್ರೆ 2001ರ 7ನೇ ಆವೃತ್ತಿಯೇ ಕೊನೆ. ಯೂನಿಕೋಡ್ ಅದಕ್ಕೆ ಗೊತ್ತಿಲ್ಲ, ನುಡಿಯ ಹಳೆ ಫಾಂಟೇ ಬೇಕು. ಫಾಂಟ್ ಇಲ್ದಿದ್ರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಈಗಿನ ಇನ್‌ಡಿಸೈನ್ ಆ ಫೈಲನ್ನ ತೆರೆಯೋದೇ ಇಲ್ಲ.

ಕುರುಗೋಡು ದೊಡ್ಡಬಸವೇಶ್ವರ ಜಾತ್ರೆಯ ಕರಪತ್ರ, ಸಿರುಗುಪ್ಪ ರೈಸ್ ಮಿಲ್ಲಿನ ಬಿಲ್ ಬುಕ್, ಶಾಲೆಯ ಸ್ಮರಣ ಸಂಚಿಕೆ. ಇಂಥವೇ ನಾಳೆ ನಮ್ಮೂರ ಇತಿಹಾಸ. ಹಳೇ ಕಂಪ್ಯೂಟರ್ ಗುಜರಿಗೆ ಹೋದ ದಿನ ಫೈಲೂ ಹೋಗ್ತೈತೆ. ನಿಮ್ಮೋರು ಯಾರಾದ್ರೂ ಪ್ರೆಸ್ಸಲ್ಲಿದ್ರೆ ಇವತ್ತೇ ಹೇಳ್ರಿ: ಪಿಡಿಎಫ್ ಮಾಡಿಡಿ, ಒಂದು ಕಾಗದದ ಪ್ರತಿನೂ ಎತ್ತಿಡಿ.

#ನಮ್ಮಬಳ್ಳಾರಿ #ಮುದ್ರಣದಕಥೆ